ಬಕೆಟ್ ಹೈಡ್ರೋಪೋನಿಕ್ಸ್: ಲೆಟ್ಯೂಸ್ ಬೇರು ಕೊಳೀತಿದೆ, ಯಾಕೆ?

ಪ್ರಶ್ನೆ (ಬಿಜೈ, ಮಂಗಳೂರು):
ನಮ್ಮದು ಫ್ಲ್ಯಾಟ್. ಮೂರನೇ ಮಾಳಿಗೆಗೆ ಮಣ್ಣು ಹೊರುವ ಉಸಾಬರಿ ಬೇಡ ಅಂತ ಬಾಲ್ಕನಿಯಲ್ಲಿ ಬಕೆಟ್ ಇಟ್ಟಿದ್ದೇನೆ. ಪಂಪ್ ಇಲ್ಲ, ಕ್ರಾಟ್ಕಿ ವಿಧಾನ: ಮಣ್ಣಿಲ್ಲದೆ, ಗೊಬ್ಬರ ಬೆರೆಸಿದ ನೀರು ತುಂಬಿಸಿಡೋದು; ಗಿಡ ಕುಡಿದಂತೆ ನೀರು ಇಳಿದು ಮೇಲಿನ ಬೇರಿಗೆ ಗಾಳಿ ಸಿಗುತ್ತದೆ. ಹರಿವೆ ಜೋರಾಗಿ ಬರ್ತಿದೆ. ಲೆಟ್ಯೂಸ್ ಮಾತ್ರ ಮಧ್ಯಾಹ್ನಕ್ಕೆ ಜೋತು ಬೀಳುತ್ತದೆ. ಎತ್ತಿ ನೋಡಿದರೆ ಬೇರು ಕಂದು, ಮುಟ್ಟಿದರೆ ಲೋಳೆ. ಮೇಲಿನ ಪದರ ಸುಲಿದು ಬೆರಳಿಗೆ ಬರುತ್ತದೆ, ಒಳಗೆ ನೂಲಿನಂಥದ್ದು ಮಾತ್ರ ಉಳಿಯುತ್ತದೆ. ಗೊಬ್ಬರ ಜಾಸ್ತಿಯಾಯ್ತಾ?

ಉತ್ತರ (ಮಣಿಪಾಲ):
ಗೊಬ್ಬರ ಅಲ್ಲ ಮಾರಾಯ್ರೆ, ಸೆಕೆ! ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ಆಗ ಪಿಥಿಯಂ ಅನ್ನುವ, ಬೇರು ಕೊಳೆಸುವ ರೋಗಾಣು ಬೇರಿಗೆ ಹತ್ತುತ್ತದೆ. ನೀರು 25 ಡಿಗ್ರಿ ದಾಟಿದರೆ ಲೆಟ್ಯೂಸ್‌ಗೆ ಕಷ್ಟ. ನಮ್ಮ ಏಪ್ರಿಲ್‌ನಲ್ಲಿ ರಾತ್ರಿಯೂ ಅಷ್ಟು ತಣಿಯಲ್ಲ. ಲೆಟ್ಯೂಸ್ ಡಿಸೆಂಬರ್‌ಗೆ ಇಟ್ಟುಕೊಳ್ಳಿ. ಈಗ ಬಸಳೆ ದಂಟು ಇಳಿಬಿಡಿ, ಸೆಕೆ ಅದಕ್ಕೆ ಲೆಕ್ಕವೇ ಇಲ್ಲ.

ಉತ್ತರ (ಉಡುಪಿ):
ಬಕೆಟ್ ಯಾವ ಬಣ್ಣ? ಬೆಳಕು ಒಳಗೆ ಹೋದರೆ ಪಾಚಿ ಗ್ಯಾರಂಟಿ. ಒಳಗೆ ಕಪ್ಪು, ಹೊರಗೆ ಬಿಳಿ ಇರಲಿ. ನೀರು ಇಳಿದಾಗ ಪುನಃ ಕಂಠದವರೆಗೆ ತುಂಬಿಸಬೇಡಿ. ಗಾಳಿಗೆ ಒಡ್ಡಿದ ಬೇರು ಮುಳುಗಿದರೆ ಗಿಡಕ್ಕೆ ಉಸಿರುಕಟ್ಟುತ್ತದೆ. ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) 5.5ರಿಂದ 6.5ರೊಳಗೆ ಬೇಕು. ಬಾವಿ ನೀರಾದರೆ ಮೊದಲೇ ಅಳೆದುಕೊಳ್ಳಿ. ನಮ್ಮ ಮುರಕಲ್ಲಿನ ನೆಲದ ನೀರು ಹಲವು ಕಡೆ ತುಸು ಆಮ್ಲೀಯ, ಅಂದರೆ ಪಿಎಚ್ ಮೊದಲೇ ಕಡಿಮೆ. ಸುಮ್ನೆ ಪಿಎಚ್ ಇಳಿಸುವ ದ್ರಾವಣಕ್ಕೆ ದುಡ್ಡು ಹಾಕಬೇಡಿ.

ಪ್ರಶ್ನೆ ಕೇಳಿದವರು:
ಬಕೆಟ್ ತಿಳಿ ನೀಲಿ. ಇವತ್ತೇ ಪೇಂಟ್ ತರ್ತೇನೆ. ಬಸಳೆ ದಂಟು ಎಷ್ಟು ಗಂಟಿನದು ಬೇಕು?

ಉತ್ತರ (ಮಣಿಪಾಲ):
ಮೂರು ಸಾಕು. ಒಂದು ಗಂಟು ನೀರೊಳಗೆ. ಹಬ್ಬಲು ಹಗ್ಗ ಕಟ್ಟಿ, ಇಲ್ಲಾಂದ್ರೆ ಪಕ್ಕದ ಮನೆಗೇ ಹೋಗುತ್ತದೆ!