ಸಹಾಯ ಬೇಕು: ಕುದುರೆ ಮಾರುತ್ತಿರುವವರು ಸಾಕಿದವರೋ, ವ್ಯಾಪಾರಿಯೋ?

ತೀರ್ಥಹಳ್ಳಿ ಹತ್ತಿರದ ನಮ್ಮ ತೋಟದ ಮನೆಗೆ ಒಂದು ಮಾರ್ವಾಡಿ ತಳಿಯ ಹೆಣ್ಣು ಕುದುರೆ ಕೊಳ್ಳಬೇಕೆಂದಿದ್ದೇವೆ. ಮಗಳು ಸವಾರಿ ಕಲಿಯುವುದಕ್ಕೆ, ಹಾಗಾಗಿ ಸಾಧು ಸ್ವಭಾವದ್ದೇ ಆಗಬೇಕು. ಶಿವಮೊಗ್ಗದ ಕಡೆಯ ಒಬ್ಬರು "ಮನೆಯಲ್ಲೇ ಸಾಕಿದ್ದು, ಮಗ ಬೆಂಗಳೂರು ಸೇರಿದ, ನೋಡಿಕೊಳ್ಳುವವರಿಲ್ಲ" ಎಂದು ಜಾಹೀರಾತು ಹಾಕಿದ್ದಾರೆ. ಫೋನಿನಲ್ಲಿ ಬೇಕೆಂದೇ "ಕುದುರೆ ಇನ್ನೂ ಇದೆಯೇ?" ಎಂದಷ್ಟೇ ಕೇಳಿದೆ. "ಯಾವುದು, ಕಂದೋ ಬಿಳಿಯದೋ?" ಎಂದರು. ಮನೆಯಲ್ಲಿ ಸಾಕಿದ ಒಂದೇ ಕುದುರೆಗೆ ಎರಡು ಬಣ್ಣ!

ವ್ಯಾಪಾರಿ ಎಂದು ಹೇಳಿಕೊಂಡೇ ಮಾರಿದರೆ ನನ್ನ ತಕರಾರಿಲ್ಲ. ಆದರೆ ಮೊನ್ನೆ ಕೊಂಡು ತಂದ ಪ್ರಾಣಿಯ ಗುಣ ಅವರಿಗಾದರೂ ಏನು ಗೊತ್ತು? ಲಾಳ ಕಟ್ಟುವವರು ಯಾರು, ಧನುರ್ವಾಯು ಲಸಿಕೆ ಯಾವಾಗ ಹಾಕಿಸಿದ್ದು ಎಂದು ಕೇಳಿದರೆ ಮಾತು ಬೆಲೆಯತ್ತ ಹೊರಳುತ್ತದೆ. ಫಿನೈಲ್‌ಬ್ಯುಟಾಜೋನ್‌ನಂತಹ ನೋವಿನ ಮದ್ದು ಕೊಟ್ಟರೆ ಕುಂಟು ತಾತ್ಕಾಲಿಕವಾಗಿ ಮರೆಯಾಗುತ್ತದೆ. ನಾವು ತಲುಪುವ ಮೊದಲೇ ಓಡಿಸಿ ದಣಿಸಿಟ್ಟರೆ ತುಂಟ ಕುದುರೆಯೂ ಹಸುವಿನಂತೆ ನಿಲ್ಲುತ್ತದೆ. ಅದಕ್ಕೇ ಹೇಳದೆ ಎರಡನೆಯ ಸಲ ಹೋಗುವ ಯೋಚನೆಯಿದೆ.

ಕೊಳ್ಳುವ ಮೊದಲಿನ ತಪಾಸಣೆಯನ್ನು ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ಯಾರಾದರೂ ಮಾಡಿಸಿದ್ದೀರಾ? ಗ್ಲಾಂಡರ್ಸ್ ಮನುಷ್ಯರಿಗೂ ಹರಡುವ ರೋಗ. ಅದರ ರಕ್ತಪರೀಕ್ಷೆಯ ವರದಿ ಬರುವವರೆಗೆ ಮುಂಗಡ ಕೊಡದಿದ್ದರೆ ಮಾರುವವರು ಒಪ್ಪುತ್ತಾರೆಯೇ? ಮಾರಾಟದ ಪತ್ರದಲ್ಲಿ ಮೈಗುರುತು, ಸುಳಿಗಳ ಜೊತೆಗೆ "ನಾನೇ ಇಷ್ಟು ವರ್ಷ ಸಾಕಿದ್ದು" ಎಂದೂ ಬರೆಸಿಕೊಂಡವರಿದ್ದರೆ ಒಕ್ಕಣೆ ತಿಳಿಸಿ. ಹಲ್ಲು ನೋಡಿ ವಯಸ್ಸು ಅಂದಾಜಿಸಬಲ್ಲ ಅನುಭವಿಗಳು ಭಾನುವಾರ ಜೊತೆಗೆ ಬಂದರೆ ಬಹಳ ಉಪಕಾರ. ಕಾರು, ಊಟ ನಮ್ಮದು.