ಒಬ್ಬರೇ ನುಡಿಸಿದ ಆಲ್ಬಮ್: ಜಾನ್ ಫೊಗರ್ಟಿಯವರ ‘ಸೆಂಟರ್‌ಫೀಲ್ಡ್’ ಮತ್ತು ಅದರ ವಿಡಿಯೊಗಳು

ಪ್ರಶ್ನೆ

1985ರ ಜನವರಿಯಲ್ಲಿ ಬಿಡುಗಡೆಯಾದ ‘ಸೆಂಟರ್‌ಫೀಲ್ಡ್’ ಆಲ್ಬಮನ್ನು ಈ ವಾರ ಮೊದಲಿನಿಂದ ಕೊನೆಯವರೆಗೆ ನಾಲ್ಕೈದು ಸಲ ಕೇಳಿದೆ. ಡ್ರಮ್ಸ್, ಬಾಸ್, ಗಿಟಾರು, ಸ್ಯಾಕ್ಸೊಫೋನು, ಹಿನ್ನೆಲೆಯ ದನಿಗಳು ಎಲ್ಲವೂ ಜಾನ್ ಫೊಗರ್ಟಿಯವರವೇ, ನಿರ್ಮಾಪಕರೂ ಅವರೇ. ಆದರೂ ನಾಲ್ಕು ಮಂದಿ ಒಂದೇ ಕೋಣೆಯಲ್ಲಿ ಮುಖಾಮುಖಿ ನಿಂತು ನುಡಿಸಿದಂತೆ ಕೇಳಿಸುತ್ತದೆ. ಒಂದಾದ ಮೇಲೊಂದರಂತೆ ಧ್ವನಿಮುದ್ರಿಸಿದ ವಾದ್ಯಗಳ ನಡುವೆ ಇಂಥ ಹೊಂದಾಣಿಕೆ ಹೇಗೆ ಸಾಧ್ಯವಾಯಿತು? ಇನ್ನೊಂದು ಸಂದೇಹವೂ ಇದೆ. ‘ದಿ ಓಲ್ಡ್ ಮ್ಯಾನ್ ಡೌನ್ ದಿ ರೋಡ್’ ಹಾಡಿನ ವಿಡಿಯೊದಲ್ಲಿ ಕ್ಯಾಮೆರಾ ಗಿಟಾರಿನ ವೈರನ್ನೇ ಹಿಡಿದುಕೊಂಡು ಸಾಗುತ್ತದೆ. ಇದು ಬರಿಯ ಚಮತ್ಕಾರವೇ, ಅಥವಾ ಆಲ್ಬಮ್ ತಯಾರಾದ ಬಗೆಗೂ ಇದಕ್ಕೂ ನಂಟಿದೆಯೇ? ಬಲ್ಲವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ

ನಿಮ್ಮ ಮೊದಲ ಪ್ರಶ್ನೆಗೆ ತಾಂತ್ರಿಕ ಉತ್ತರ ಸರಳವಾಗಿದೆ. ಮಲ್ಟಿಟ್ರ್ಯಾಕ್ ಟೇಪಿನಲ್ಲಿ ಒಂದೊಂದು ವಾದ್ಯಕ್ಕೂ ಒಂದೊಂದು ಟ್ರ್ಯಾಕ್ ಇರುವುದರಿಂದ, ಮೊದಲು ನುಡಿಸಿದ್ದನ್ನು ಹೆಡ್‌ಫೋನಿನಲ್ಲಿ ಕೇಳುತ್ತ ಅದರ ಮೇಲೆ ಮುಂದಿನದನ್ನು ಕೂಡಿಸುತ್ತ ಹೋಗಬಹುದು. ಆದರೆ ಮಾಡಿ ನೋಡಿದವರಿಗಷ್ಟೇ ಅದರ ಕಷ್ಟ ಗೊತ್ತು. ಮೂರೇ ನಿಮಿಷದ ಹಾಡೊಂದನ್ನು ನಾನು ಹೀಗೆ ಒಬ್ಬನೇ ಮುಗಿಸಲು ಹೊರಟಿದ್ದೆ. ಡ್ರಮ್ಸ್ ನುಡಿಸುವಾಗ ಹಾಡು ಇನ್ನೂ ತಲೆಯೊಳಗಷ್ಟೇ ಇರುತ್ತದೆ. ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ಉತ್ಸಾಹದಿಂದ ಕೈ ಓಡಿಬಿಟ್ಟಿತ್ತು. ಮರುದಿನ ಬಾಸ್ ಕೂಡಿಸಲು ಕುಳಿತಾಗ ಆ ಓಟದ ಹಿಂದೆ ನಾನೇ ಏದುಸಿರು ಬಿಡಬೇಕಾಯಿತು. ಬ್ಯಾಂಡಿನಲ್ಲಾದರೆ ಬಾಸ್ ನುಡಿಸುವವರು ಆ ಕ್ಷಣದಲ್ಲೇ ಕಣ್ಸನ್ನೆ ಮಾಡಿ ತಡೆಯುತ್ತಿದ್ದರು.

ಫೊಗರ್ಟಿಯವರಿಗೆ ಈ ಕೆಲಸ ಹೊಸದಾಗಿರಲಿಲ್ಲ. ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ಬ್ಯಾಂಡಿನ ಬಹುಪಾಲು ಹಾಡುಗಳನ್ನು ಬರೆದು, ಹಾಡಿ, ಲೀಡ್ ಗಿಟಾರ್ ನುಡಿಸಿದವರು ಅವರೇ. 1972ರಲ್ಲಿ ಬ್ಯಾಂಡು ಒಡೆದ ಮರುವರ್ಷ ಬಂದ ‘ದಿ ಬ್ಲೂ ರಿಡ್ಜ್ ರೇಂಜರ್ಸ್’ ಆಲ್ಬಮಿನಲ್ಲಿ, ಹೆಸರು ಬ್ಯಾಂಡಿನದೆಂಬಂತಿದ್ದರೂ, ಎಲ್ಲ ವಾದ್ಯಗಳನ್ನು ನುಡಿಸಿದ್ದರು. ಆ ಬ್ಯಾಂಡು ಅವರ ತಲೆಯೊಳಗೇ ಇತ್ತೆಂದು ನಾನು ತಿಳಿದಿದ್ದೇನೆ.

ಎರಡನೆಯ ಉತ್ತರ

ಮೇಲಿನ ವಿವರಣೆಯನ್ನು ಒಪ್ಪುತ್ತೇನೆ, ಆದರೆ ಆ ಒಂಟಿತನ ಕಿವಿಗೂ ಬೀಳುತ್ತದೆ ಎಂಬುದು ನನ್ನ ಅನಿಸಿಕೆ. ಇಲ್ಲಿನ ಡ್ರಮ್ಸ್ ಎಲ್ಲಿಯೂ ತಾನಾಗಿ ಮುಂದೆ ಬರುವುದಿಲ್ಲ, ಗಿಟಾರಿಗೆ ದಾರಿ ಬಿಟ್ಟುಕೊಟ್ಟು ನಿಲ್ಲುತ್ತದೆ. ಹಾಡು ಬರೆದವರೇ ಡ್ರಮ್ಸಿನ ಮುಂದೆ ಕುಳಿತಾಗ ಹಾಗಾಗುವುದು ಸಹಜ.

ವಿಡಿಯೊವನ್ನೂ ಇದೇ ದೃಷ್ಟಿಯಿಂದ ನೋಡಬೇಕು. ಆಂಪ್ಲಿಫೈಯರಿನಿಂದ ಹೊರಟ ವೈರು ಎಲ್ಲೆಲ್ಲೋ ಸುತ್ತಿ ಹರಿಯುತ್ತದೆ; ಒಂದೇ ಶಾಟ್ ಎಂಬ ಭಾವನೆ ಬರುವಂತೆ ಕ್ಯಾಮೆರಾ ಅದರ ಬೆನ್ನು ಬಿಡದೆ ಹೋಗುತ್ತದೆ. ಆ ಕಾಲದ ರಾಕ್ ವಿಡಿಯೊಗಳಲ್ಲಿ ವೇದಿಕೆ, ಡ್ರಮ್ಸ್ ಬಾರಿಸುವವರ ಮುಖ, ಕುಣಿಯುವ ಜನ ಎಂದು ಪದೇ ಪದೇ ಕತ್ತರಿಸಿ ಜೋಡಿಸುವುದು ರೂಢಿಯಾಗಿತ್ತು. ಹಾಗೆ ಕತ್ತರಿಸಿ ತೋರಿಸಲು ಇಲ್ಲಿ ಬೇರೆ ವಾದಕರೇ ಇಲ್ಲವಲ್ಲ! ವೈರಿನ ಇನ್ನೊಂದು ತುದಿಯಲ್ಲಿ ಸಿಗುವವರು ಒಬ್ಬರೇ. 1975ರ ನಂತರ ಸುಮಾರು 10 ವರ್ಷ ಅವರ ಹೊಸ ಆಲ್ಬಮ್ ಬಂದಿರಲಿಲ್ಲ ಎಂಬುದನ್ನು ನೆನೆದಾಗ ಆ ಉದ್ದನೆಯ ವೈರು ನನಗೆ ಇನ್ನಷ್ಟು ಉದ್ದವಾಗಿ ಕಾಣುತ್ತದೆ. ನಿರ್ದೇಶಕರ ಮನಸ್ಸಿನಲ್ಲಿ ಏನಿತ್ತೋ, ನೋಡುವ ನನಗಂತೂ ಇದು ಚಮತ್ಕಾರಕ್ಕಿಂತ ದೊಡ್ಡದು.

ಮೂರನೆಯ ಉತ್ತರ

ಆಲ್ಬಮಿನ ಇನ್ನೊಂದು ವಿಡಿಯೊವನ್ನೂ ನೋಡಿ. ‘ವಾನ್ಜ್ ಕಾಂಟ್ ಡಾನ್ಸ್’ ಹಾಡಿಗೆ ವಿಲ್ ವಿಂಟನ್ ಅವರು ಜೇಡಿಯಂಥ ಮಿದುವಸ್ತುವಿನ ಗೊಂಬೆಗಳನ್ನು ಚೂರುಚೂರೇ ಕದಲಿಸಿ, ಚೌಕಟ್ಟು ಚೌಕಟ್ಟಾಗಿ ಚಿತ್ರೀಕರಿಸಿ ವಿಡಿಯೊ ಮಾಡಿದರು. ಕುಣಿಯಲಾರದ, ಆದರೆ ಜೇಬು ಕತ್ತರಿಸಬಲ್ಲ ಹಂದಿಯೊಂದರ ಕಥೆ ಅದು. ಹಾಡಿನ ಮೂಲ ಹೆಸರು ‘ಝಾನ್ಜ್’ ಎಂದಿತ್ತು. ಫೊಗರ್ಟಿಯವರ ಹಳೆಯ ಕಂಪನಿಯಾದ ಫ್ಯಾಂಟಸಿ ರೆಕಾರ್ಡ್ಸಿನ ಮುಖ್ಯಸ್ಥ ಸೌಲ್ ಝಾಂಟ್ಜ್ ಅವರ ಆಕ್ಷೇಪದ ಮೇಲೆ ಆ ಹೆಸರನ್ನು ಬದಲಿಸಲಾಯಿತು.

ಫ್ಯಾಂಟಸಿ ಅಲ್ಲಿಗೆ ನಿಲ್ಲಲಿಲ್ಲ. ‘ಓಲ್ಡ್ ಮ್ಯಾನ್’ ಹಾಡು, ಕ್ರೀಡೆನ್ಸ್ ಕಾಲದಲ್ಲಿ ಫೊಗರ್ಟಿಯವರೇ ಬರೆದು ಈಗ ಕಂಪನಿಯ ಸ್ವತ್ತಾಗಿದ್ದ ‘ರನ್ ಥ್ರೂ ದಿ ಜಂಗಲ್’ ಹಾಡಿನ ನಕಲು ಎಂದು ಮೊಕದ್ದಮೆ ಹೂಡಿತು. ಒಬ್ಬ ಕಲಾವಿದ ತನ್ನದೇ ಹಾಡನ್ನು ಕದ್ದನೆಂಬ ಈ ಆರೋಪ ನನಗೆ ಇಂದಿಗೂ ಸಂಕಟ ತರುತ್ತದೆ. ಸಾಕ್ಷಿಕಟ್ಟೆಗೆ ಅವರು ಗಿಟಾರನ್ನೇ ಒಯ್ದರು. ಎರಡೂ ಹಾಡುಗಳನ್ನು ತಾವು ಹೇಗೆ ಕಟ್ಟುತ್ತೇವೆಂದು ನುಡಿಸಿ ತೋರಿಸಿದರು. 1988ರಲ್ಲಿ ಜ್ಯೂರಿ ಅವರ ಪರವಾಗಿ ತೀರ್ಪು ನೀಡಿತು. ವಕೀಲರ ವೆಚ್ಚದ ವಿವಾದ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಗಿ, ಗೆದ್ದ ಪ್ರತಿವಾದಿಗೂ ವಾದಿಗೆ ಅನ್ವಯವಾಗುವ ಮಾನದಂಡವೇ ಅನ್ವಯವಾಗಬೇಕೆಂದು 1994ರಲ್ಲಿ ತೀರ್ಪಾಯಿತು.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ಇದನ್ನೆಲ್ಲ ಓದಿದ ಮೇಲೆ ‘ಓಲ್ಡ್ ಮ್ಯಾನ್’ ಹಾಡನ್ನು ಡ್ರಮ್ಸ್ ಒಂದರ ಮೇಲೆಯೇ ಕಿವಿಯಿಟ್ಟು ಕೇಳಿದೆ. ಗಿಟಾರಿಗೆ ಅದು ದಾರಿ ಬಿಡುತ್ತದೆ ಎಂಬ ಮಾತು ನನಗೂ ಕೇಳಿಸಿತು. ಮೊದಲ ಉತ್ತರ ಬರೆದವರಿಗೊಂದು ಕೋರಿಕೆ: ನೀವು ಒಬ್ಬರೇ ಮುಗಿಸಲು ಹೊರಟ ಆ ಹಾಡು ಕೊನೆಗೆ ಮುಗಿಯಿತೇ? ಮುಗಿದಿದ್ದರೆ ನಾವೂ ಕೇಳಬೇಕು.