ಮ್ಯಾಗ್ನೆಟ್ ತಂದರೂ ಫೆರೋಫ್ಲೂಯಿಡ್‌ನಿಂದ ಬೆಳಕು ಬರ್ತಿಲ್ಲ, ಏನು ತಪ್ಪಿದೆ?

ಕಪ್ಪುಹನಿ:
ಎರಡು ಗಾಜಿನ ಸ್ಲೈಡ್ ನಡುವೆ ತೆಳ್ಳಗೆ ಫೆರೋಫ್ಲೂಯಿಡ್ (ಮ್ಯಾಗ್ನೆಟ್ ಎಳೆಯುವ ಕಪ್ಪು ದ್ರವ) ಹಾಕಿದ್ದೇನೆ. ತೀರಾ ಕಪ್ಪಿತ್ತು, ಸೀಮೆಎಣ್ಣೆ ಬೆರೆಸಿ ತಿಳಿ ಕಂದು ಮಾಡಿಕೊಂಡೆ. ಆಚೆ ಈಚೆ ಪೋಲರೈಸರ್ (ಒಂದೇ ದಿಕ್ಕಿಗೆ ಕಂಪಿಸುವ ಬೆಳಕನ್ನಷ್ಟೇ ಬಿಡುವ ಹಾಳೆ): ಒಂದು ನೆಟ್ಟಗೆ, ಇನ್ನೊಂದು ಅಡ್ಡ. ಕೆಂಪು ಲೇಸರ್ ಬಿಟ್ಟರೆ ಗೋಡೆ ಕತ್ತಲು, ಅದು ಸರಿ. ಆದರೆ ಮ್ಯಾಗ್ನೆಟ್ ತಂದಾಗ ಬೆಳಕು ಮೂಡಬೇಕು ಅಲ್ವಾ? ಎಡಕ್ಕಿಟ್ಟೆ, ಬಲಕ್ಕಿಟ್ಟೆ, ಮೇಲಿಟ್ಟೆ. ಸ್ಲೈಡ್ ಹಿಂದೆ ರಿಂಗ್ ಮ್ಯಾಗ್ನೆಟ್ ಇಟ್ಟು ತೂತಿನಿಂದಲೂ ಲೇಸರ್ ಹಾಯಿಸಿದೆ. ಉಹೂಂ.

ಹಳೇಲೆನ್ಸ್:
ದ್ರವ ಚೆನ್ನಾಗೇ ಇರಬಹುದು, ನೀವು ಮ್ಯಾಗ್ನೆಟ್ ಇಟ್ಟ ಜಾಗಗಳೇ ಸರಿಯಿಲ್ಲ. ಅದರಲ್ಲಿರುವುದು ಸುಮಾರು 10 ನ್ಯಾನೋಮೀಟರ್‌ನ ಮ್ಯಾಗ್ನೆಟೈಟ್ (ಒಂದು ಬಗೆಯ ಕಬ್ಬಿಣದ ಆಕ್ಸೈಡ್) ಕಣಗಳು. ಸುಮ್ನೆ ಇದ್ದಾಗ ಒಂದೊಂದೂ ಒಂದೊಂದು ಕಡೆ ಮುಖ ಮಾಡಿರುತ್ತವೆ. ಮ್ಯಾಗ್ನೆಟ್ ಬಂದರೆ ಒಂದೇ ದಿಕ್ಕಿಗೆ ತಿರುಗಿ, ಕೆಲವು ಸಾಲುಗಟ್ಟುತ್ತವೆ. ಆಮೇಲೆ ಸಾಲಿನ ಉದ್ದಕ್ಕೆ ಕಂಪಿಸುವ ಬೆಳಕಿನ ವೇಗ ಬೇರೆ, ಅಡ್ಡಕ್ಕೆ ಕಂಪಿಸುವುದರ ವೇಗ ಬೇರೆ. ಇದೇ ದ್ವಿವಕ್ರೀಭವನ.

ನಿಮ್ಮಲ್ಲಿ ಸಾಲು ಯಾವುದಾದರೂ ಒಂದು ಪೋಲರೈಸರ್‌ನ ದಿಕ್ಕಿಗೇ ಬೀಳ್ತಿದೆ. ಬೆಳಕು ಎರಡು ಪಾಲಾಗುವುದೇ ಇಲ್ಲ, ಹಾಗಾಗಿ ಕತ್ತಲು. ಮ್ಯಾಗ್ನೆಟ್ ಹಿಂದಿಟ್ಟರೆ ಸಾಲಿನ ತುದಿ ಲೇಸರ್ ಕಡೆಗಿರುತ್ತದೆ, ಸುತ್ತ ಎಲ್ಲ ದಿಕ್ಕೂ ಒಂದೇ. ಆಗ ಉಳಿಯುವುದು ಫ್ಯಾರಡೆ ತಿರುಗುವಿಕೆ ಮಾತ್ರ, ಅಂದರೆ ಮ್ಯಾಗ್ನೆಟ್‌ನಿಂದ ಬೆಳಕಿನ ಕಂಪನದ ದಿಕ್ಕು ತುಸು ತಿರುಗುವುದು. ಇಷ್ಟು ತೆಳು ಪದರದಲ್ಲಿ ಅದು ಕಣ್ಣಿಗೆ ಕಾಣುವುದು ಕಷ್ಟ.

ಮ್ಯಾಗ್ನೆಟ್ಟನ್ನು ಪೋಲರೈಸರ್‌ಗಳ ದಿಕ್ಕಿಗೆ 45 ಡಿಗ್ರಿ ಓರೆಗೆ ಹಿಡಿದು ನೋಡಿ. ಆಗ ಬೆಳಕು ಎರಡು ಪಾಲಾಗಿ, ಒಂದು ಹಿಂದೆ ಬಿದ್ದು, ಕಂಪನ ಬದಲಾಗಿ ಸ್ವಲ್ಪ ಎರಡನೇ ಪೋಲರೈಸರ್ ದಾಟುತ್ತದೆ.

ಕಪ್ಪುಹನಿ:
ಬಂತು! ಓರೆ ಮಾಡಿದ ತಕ್ಷಣ ಚುಕ್ಕೆ ಹೊತ್ತಿಕೊಂಡಿತು. ಆದರೆ ಮ್ಯಾಗ್ನೆಟ್ ತೆಗೆದರೂ ಪೂರ್ತಿ ಆರುತ್ತಿಲ್ಲ. ಒಂದು ನಿಮಿಷ ಆದರೂ ಮಸುಕಾಗಿ ಉಳಿದಿದೆ.

ಹಳೇಲೆನ್ಸ್:
ಒಳ್ಳೇ ದ್ರವವಾದರೆ ಕಣ್ಣು ಮಿಟುಕಿಸುವುದರೊಳಗೆ ಆರಬೇಕು. ಪೋಲರೈಸರ್ ಎರಡೂ ತೆಗೆದು, ಮ್ಯಾಗ್ನೆಟ್ ಇಟ್ಟು ಗೋಡೆ ನೋಡಿ. ಚುಕ್ಕೆ ಗೆರೆಯಾಗಿ ಎಳೆದಿದೆಯಾ?

ಕಪ್ಪುಹನಿ:
ಹೌದು, ಉದ್ದ ಗೆರೆ. ಮ್ಯಾಗ್ನೆಟ್ ದಿಕ್ಕಿಗೆ ಸರಿಯಾಗಿ ಅಡ್ಡಕ್ಕಿದೆ.

ಹಳೇಲೆನ್ಸ್:
ಹಾಗಾದರೆ ದೊಡ್ಡ ಸರಪಳಿಗಳೇ ಆಗಿವೆ. ಕೂದಲೆಳೆಗೆ ಲೇಸರ್ ಬಿಟ್ಟರೂ ಹೀಗೇ ಅಡ್ಡ ಗೆರೆ ಬರುತ್ತದೆ. ನನ್ನ ಅನುಮಾನ ಸೀಮೆಎಣ್ಣೆ ಮೇಲೆ. ಕಣಗಳಿಗೆ ಸಾಮಾನ್ಯವಾಗಿ ಓಲಿಕ್ ಆಮ್ಲದ ಹೊದಿಕೆ ಇರುತ್ತದೆ. ಬರೀ ಸೀಮೆಎಣ್ಣೆ ಜಾಸ್ತಿಯಾದರೆ ಹೊದಿಕೆ ಸ್ವಲ್ಪ ಬಿಟ್ಟುಕೊಂಡು ಕಣಗಳು ಅಂಟಿಕೊಳ್ಳುತ್ತವೆ. ಹೊಸ ಹನಿ ತೆಗೆದುಕೊಳ್ಳಿ, ತಿಳಿ ಮಾಡಬೇಡಿ, ಸ್ಲೈಡ್‌ಗಳನ್ನು ಒತ್ತಿ ಪದರವನ್ನೇ ತೆಳ್ಳಗೆ ಮಾಡಿ. ಜೊತೆಗೆ ಒಂದು ಮ್ಯಾಗ್ನೆಟ್ ಬದಲು ಎರಡು ಇಡಿ, ಉತ್ತರ ದಕ್ಷಿಣ ಎದುರುಬದುರು. ಒಂದೇ ಇದ್ದರೆ ದ್ರವವೆಲ್ಲ ಅದರ ಕಡೆಗೇ ಜರುಗುತ್ತದೆ.

ಕಪ್ಪುಹನಿ:
ಹೊಸ ಹನಿ ಹಾಕಿದೆ. ಮ್ಯಾಗ್ನೆಟ್ ತೆಗೆದರೆ ಸ್ವಿಚ್ ಆರಿಸಿದ ಹಾಗೆ ಕತ್ತಲು. ಸೀಮೆಎಣ್ಣೆ ಬೆರೆಸಿದ್ದ ಹಳೇ ಬಾಟಲಿ ತಳ ನೋಡಿದೆ, ಕಪ್ಪು ಗಸಿ ಕೂತಿತ್ತು.